ಮೌನ ಮಾರುವ ಹೊತ್ತಿನಲ್ಲಿ

ಚಳ್ಳಕೆರೆಯಲ್ಲಿ ವಿಲ್ಲಾ ಮಾರುವವರೆಲ್ಲ ಮೊದಲು ಬೇರೇನನ್ನೋ ಮಾರಿದವರು. ನನಗೆ ಈ ಕಸುಬು ಕಲಿಸಿದ ಯಜಮಾನರು ಶೇಂಗಾ ಮಂಡಿಯಲ್ಲಿ ದಲಾಲಿ ಮಾಡುತ್ತಿದ್ದರು. ಕಾಯಿ ಒಡೆದು ಬೀಜ ಬಾಯಿಗೆ ಹಾಕಿಕೊಂಡು, ಎಷ್ಟು ಎಣ್ಣೆ ಬಿಟ್ಟೀತು ಎಂದು ಹೇಳುತ್ತಿದ್ದರಂತೆ. ಈಗ ಕೂಲಿಂಗ್ ಗ್ಲಾಸಿನ ಹಿಂದಿನಿಂದ ಬೆಂಗಳೂರಿನವರನ್ನೂ ಹಾಗೆಯೇ ಒಡೆದು ನೋಡುತ್ತಾರೆ. ನಾನು ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿದ್ದವಳು. ಸೀರೆ ಹಾಸುತ್ತಾ ಹಾಸುತ್ತಾ ಮಾತು ಹಾಸುವುದೂ ರೂಢಿಯಾಗಿತ್ತು. ಅದನ್ನು ಕೇಳಿಯೇ ಯಜಮಾನರು ನನ್ನನ್ನು ಕರೆದದ್ದು. ಕರೆದ ಮೇಲೆ ಮೊದಲು ಹೇಳಿದ್ದು, ಬಾಯಿ ಮುಚ್ಚು ಎಂದು.

"ತಾಯಿ, ಸೀರೆಗೆ ಮಾತು ಬೇಕು, ವಿಲ್ಲಾಕ್ಕೆ ಬ್ಯಾಡ. ಅವ್ರು ಕೊಳ್ಳೋದು ಇಟ್ಟಿಗೆನಲ್ಲ, ಈ ನಿಶ್ಶಬ್ದನ. ಅದ್ರ ಮ್ಯಾಲೆ ನೀನು ನಾಲಿಗೆ ಆಡಿಸಿದ್ರೆ ಮಾಲು ಕೆಟ್ಟಂಗೆ."

ನಮ್ಮ ಕಸುಬಿನಲ್ಲಿ ಜಾಗ ತೋರಿಸುವುದು ಸಂಜೆಯೇ. ಮಟಮಟ ಮಧ್ಯಾಹ್ನ ನಮ್ಮ ಸೀಮೆ ಕಾದ ಹೆಂಚು. ಹೊತ್ತು ಇಳಿಯುವಾಗ ಅದೇ ಬಂಡೆಗಳು ಅರಿಶಿನ ಹಚ್ಚಿಕೊಂಡು ಕೂರುತ್ತವೆ. ಗುಡ್ಡದ ನೆತ್ತಿಗೆ ಕರೆದೊಯ್ದು, ಗಾಡಿ ಆಫ್ ಮಾಡಿ, ಮಾತು ನಿಲ್ಲಿಸಿಬಿಡಬೇಕು. ಗಿರಾಕಿ ಕಣ್ಣು ಮುಚ್ಚಿದನೋ, ಅರ್ಧ ವ್ಯಾಪಾರ ಮುಗಿದಂತೆ.

ನನಗೆ ಜೀವ ಬಾಯಿಗೆ ಬರುತ್ತಿದ್ದದ್ದೂ ಆ ಹೊತ್ತಿನಲ್ಲೇ. ನಾನು ಸಿದ್ದಾಪುರದ ಕಡೆಯ ಹಟ್ಟಿಯವಳು, ಕುರಿ ಕಾದ ಮನೆಯವಳು. ನಮ್ಮ ತಾತ ಗುಡ್ಡ ಹತ್ತುವಾಗ ಕುರಿಗಳ ಜೊತೆ, ಕಲ್ಲಿನ ಜೊತೆ, ಸತ್ತುಹೋದ ಅಜ್ಜಿಯ ಜೊತೆ ಕೂಡ ಗಟ್ಟಿಯಾಗಿ ಜಗಳವಾಡುತ್ತಾ ನಡೆಯುತ್ತಿದ್ದ. "ಬಾಯಿ ಮುಚ್ಕೊಂಡು ಬಂಡೆ ಸಂದಿಗೆ ಹೋಗಬ್ಯಾಡ ಮಗಾ. ಕರಡಿಗೆ ದೂರದಿಂದ್ಲೇ ನಿನ್ ಧ್ವನಿ ಕೇಳಿಸಿದ್ರೆ ದಾರಿ ಬಿಡ್ತೈತೆ. ಬೆಚ್ಚಿಬಿದ್ರೆ ಮುಖಕ್ಕೇ ಬರ್ತೈತೆ" ಎನ್ನುತ್ತಿದ್ದ. ನಮ್ಮ ಹಟ್ಟಿಯಲ್ಲಿ ಒಬ್ಬ ದೊಡ್ಡಪ್ಪ ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡೇ ಉಣ್ಣುತ್ತಿದ್ದ. ಆ ಟವೆಲ್ಲು ಜಾರಿದ ದಿನ ನಾನು ಅವನ ಎದುರಿಗೇ ಕೂತಿದ್ದೆ.

ಯಜಮಾನರಿಗೆ ಇದನ್ನು ಹೇಳಿದ್ದೆ. ಅವರು ಪೇಟೆಯವರು, ನಕ್ಕರು. "ಇಷ್ಟು ಜನ ಗಿರಾಕಿಗಳು ಬಂದುಹೋದ್ರಲ್ಲಮ್ಮ, ಒಂದು ಕರಡೀನಾದ್ರೂ ಅಡ್ವಾನ್ಸ್ ಕೇಳಿತಾ?"

ಸೀತಾಫಲದ ಕಾಲದಲ್ಲಿ ಆ ಗಂಡ ಹೆಂಡತಿ ಬಂದರು. ಬೆಂಗಳೂರಿನವರು, ನಡುವಯಸ್ಸು ದಾಟಿದವರು. ದೇವಸಮುದ್ರದ ಕಡೆಯ ಗುಡ್ಡದಲ್ಲಿ ತುದಿಯ ವಿಲ್ಲಾ ಅವರಿಗೆ ಹಿಡಿಸಿತ್ತು. ಗಂಡ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದರು. ಯಜಮಾನರು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು ಕಾಂಪೌಂಡಿಲ್ಲದ ಹಿತ್ತಲ ಕಡೆ ನೋಡಿದೆ. ಕಟ್ಟೆಯ ಬಳಿ ಹೆಂಡತಿ ಇರಲಿಲ್ಲ.

ಹಿತ್ತಲಿಗೆ ಹೋದೆ. ಅಲ್ಲಿ ಒಂದು ಹುತ್ತವನ್ನು ಬುಡದಿಂದ ಅಗೆದು ಹಾಕಿತ್ತು, ಗೆದ್ದಲಿಗೆ ಕರಡಿ ಅಗೆಯುವ ಹಾಗೆ. ಮಣ್ಣಿನ ತೇವ ಇನ್ನೂ ಆರಿರಲಿಲ್ಲ. ಆಚೆ ಸೀತಾಫಲದ ಗಿಡಗಳ ನಡುವಿನ ಒಂದು ಬಂಡೆಯ ಮೇಲೆ ಆಯಮ್ಮ ನಿಂತು ಸೂರ್ಯನ ಫೋಟೋ ತೆಗೆಯುತ್ತಿದ್ದರು. ಅವರ ಬೆನ್ನ ಹಿಂದಿನ ಸಂದಿಯಲ್ಲಿ ಗಿಡವೊಂದು ಅಲ್ಲಾಡಿತು. ಗಾಳಿ ಇರಲಿಲ್ಲ. ಕಪ್ಪು ಬೆನ್ನು ಕಂಡಿತು. ಆ ಬೆನ್ನಿನ ಮೇಲೆ ಇನ್ನೊಂದು ಸಣ್ಣ ಕಪ್ಪು ಅಂಟಿಕೊಂಡಿತ್ತು. ಮರಿ.

ಕೂಗಿದರೆ ಆಯಮ್ಮ ಬೆಚ್ಚಿ ಓಡುತ್ತಾರೆ, ಓಡಿದರೆ ಅದರ ಮೇಲೇ ಬೀಳುತ್ತಾರೆ. ಸುಮ್ಮನಿದ್ದರೆ ಅವರು ತಾವಾಗಿ ಇಳಿದು ಆ ಸಂದಿಗೇ ಕಾಲಿಡುತ್ತಾರೆ. ಕೊನೆಗೆ ಬಾಯಿಗೆ ಬಂದದ್ದು ಸೀರೆಯ ಮಾತು.

"ಅಮ್ಮಾ, ಕೆಂಪು ಸೀರೆ ನಿಮಗೆ ಒಪ್ತೈತೆ ನೋಡ್ರಿ," ಎಂದೆ, ಅಂಗಡಿಯಲ್ಲಿ ಹೇಳುವ ಹಾಗೆ, ಗಟ್ಟಿಯಾಗಿ, ನಿಧಾನವಾಗಿ. "ಅಂಚು ಮಾತ್ರ ಹಸಿರಿರ್ಬೇಕು. ನಮ್ಮವ್ವ ಅಂಥದ್ದೊಂದು ಉಡ್ತಿದ್ಲು. ಮಾತು ಕೇಳ್ತಾ ಕೇಳ್ತಾ ನನ್ ಕಡಿಗೇ ಇಳ್ದು ಬರ್ರಿ. ಹಿಂದೆ ತಿರುಗಬ್ಯಾಡ್ರಿ, ಓಡಬ್ಯಾಡ್ರಿ. ಸೆರಗು ಹಿಂಗೆ ಬರ್ಬೇಕು, ನೆರಿಗೆ ಹಿಂಗೆ ಬರ್ಬೇಕು..."

ಅವರ ಹುಬ್ಬು ಗಂಟಾಯಿತು. ಆಮೇಲೆ ನನ್ನ ಮುಖದಲ್ಲಿ ಏನು ಕಂಡರೋ, ಫೋನನ್ನು ಬಂಡೆಯ ಮೇಲಿಟ್ಟು ಎರಡೂ ಕೈ ಊರಿ ಇಳಿದರು. ಕರಡಿ ಮೂತಿ ಎತ್ತಿ ಎದ್ದು ನಿಂತಿತು. ಉಸಿರು ಹೀರುವ ಸದ್ದು ನನಗೆ ಕೇಳಿಸಿತು. ನಾನು ಜರಿ, ಬುಟ್ಟ, ಬಣ್ಣ ಅಂತ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ಆಯಮ್ಮನ ಕೈ ಸಿಕ್ಕಿತು. ಸಿಕ್ಕ ಕೈಯನ್ನು ಬಿಡದೆ ಮನೆಯ ಮುಂದಕ್ಕೆ ಎಳೆದು ತಂದೆ.

ಯಜಮಾನರ ಮುಖ ಸಿಡಿಯುವಂತಿತ್ತು. ಗಿರಾಕಿಗೆ ತಿಳಿಯಬಾರದ್ದನ್ನು ನಾವು ತೆಲುಗಿನಲ್ಲಿ ಆಡಿಕೊಳ್ಳುತ್ತೇವೆ. ಗಡಿಯ ಕಡೆಯ ದಲಾಲಿಗಳ ಹಳೇ ಅಭ್ಯಾಸ. "ಏಮಿ ಈ ಗಲಾಟ?" ಎಂದರು ಹಲ್ಲು ಕಚ್ಚಿ.

"ಎಲುಗು. ಪಿಲ್ಲತೋ ಉಂದಿ," ಎಂದೆ. ಕರಡಿ, ಮರಿಯ ಜೊತೆ ಇದೆ ಎಂದು.

ಅವರ ಬಣ್ಣ ಇಳಿಯಿತು. ಆದರೂ ಬಾಯಿ ಮಾತ್ರ, "ಚೆಪ್ಪಕು," ಎಂದಿತು. ಹೇಳಬೇಡ.

ಅಷ್ಟರಲ್ಲಿ ಗಂಡ ಕಣ್ಣು ಬಿಟ್ಟಿದ್ದರು. "ನಿನ್ನ ಫೋನೆಲ್ಲಿ?" ಎಂದರು ಹೆಂಡತಿಗೆ. ಆಯಮ್ಮ ಬಂಡೆಯ ಕಡೆ ಕೈ ತೋರಿಸಿದರು. "ಇರು, ತರ್ತೀನಿ" ಎಂದು ಅವರು ಹೊರಟೇಬಿಟ್ಟರು.

ಗಿರಾಕಿಯ ಮೈ ಮುಟ್ಟಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಅವರ ತೋಳನ್ನು ಎರಡೂ ಕೈಯಿಂದ ಹಿಡಿದೆ. "ಬ್ಯಾಡ ಸಾರ್."

"ಯಾಕ್ರೀ?"

ಯಜಮಾನರು ನಡುವೆ ಬಂದರು. "ಏನಿಲ್ಲ ಸಾರ್, ಕತ್ಲಾಗ್ತಾ ಐತೆ, ಹುಳ ಗಿಳ ಇರ್ತಾವೆ. ಬೆಳಿಗ್ಗೆ ನಾನೇ ತಂದು ಕೊಡ್ತೀನಿ."

ಆಯಮ್ಮ ಯಜಮಾನರನ್ನೇ ನೋಡುತ್ತಿದ್ದರು. ನನ್ನ ಮಣಿಕಟ್ಟನ್ನು ಅವರ ಉಗುರು ಒತ್ತುತ್ತಿತ್ತು. ಆಮೇಲೆ ಗಂಡನ ಕಡೆ ತಿರುಗಿ, ಸಣ್ಣ ಧ್ವನಿಯಲ್ಲಿ, ಅಚ್ಚ ತೆಲುಗಿನಲ್ಲಿ ಹೇಳಿದರು: "ಎಲುಗಂಟ. ಪಿಲ್ಲತೋ ಉಂದಂಟ. ಚೆಪ್ಪಕು ಅಂಟುನ್ನಾಡು."

ಕರಡಿಯಂತೆ, ಮರಿಯ ಜೊತೆ ಇದೆಯಂತೆ, ಹೇಳಬೇಡ ಅನ್ನುತ್ತಿದ್ದಾನೆ. ಅವರ ಮನೆ ಮಾತೇ ತೆಲುಗಾಗಿತ್ತು.

ಗಂಡ ನನ್ನ ಕೈಯಿಂದ ತೋಳು ಬಿಡಿಸಿಕೊಳ್ಳಲಿಲ್ಲ. ನಾವು ನಾಲ್ವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಗಾಡಿಯವರೆಗೆ ನಡೆದೆವು, ಬಾಗಿಲು ಹಾಕಿಕೊಂಡೆವು. ಯಜಮಾನರು ವಿಲ್ಲಾಗಳ ಬೀಗದ ಕೈಗಳ ಗೊಂಚಲಿನಲ್ಲಿ ಗಾಡಿಯದ್ದನ್ನು ಹುಡುಕುತ್ತಿದ್ದರು.

ಆಗ ಬಂಡೆಯ ಮೇಲೆ ಆಯಮ್ಮನ ಫೋನು ಹೊಡೆದುಕೊಳ್ಳತೊಡಗಿತು. ಊರಿನಿಂದ ಮಗಳಿರಬೇಕು ಎಂದು ಅವರು ಪಿಸುಗುಟ್ಟಿದರು. ಸೀತಾಫಲದ ಗಿಡಗಳ ಆಚೆ ಸಣ್ಣ ಬೆಳಕೊಂದು ಮಿಣುಕುತ್ತಿತ್ತು. ಆ ಸದ್ದು ಗುಡ್ಡಕ್ಕೆಲ್ಲ ಕೇಳುವ ಹಾಗಿತ್ತು. ಆಮೇಲೆ ನಡುವಿನಲ್ಲೇ, ಸ್ವರ ಇನ್ನೂ ಮೇಲೇರುತ್ತಿರುವಾಗಲೇ, ಪಟ್ಟನೆ ನಿಂತುಹೋಯಿತು. ಬೆಳಕೂ ಇಲ್ಲವಾಯಿತು.

"ಕಟ್ ಮಾಡಿದಳೇನೋ," ಎಂದರು ಗಂಡ.

ಗಾಡಿ ಆಗ ಸ್ಟಾರ್ಟ್ ಆಯಿತು.