ಮಾಣಿಕಪ್ಪನವರ ಶುಭದ ಸೂತು

ಹುಮನಾಬಾದಿನಿಂದ ಹೈದರಾಬಾದಿಗೆ ಬಂದಾಗ ಮಾಣಿಕಪ್ಪನವರು ಬಡಗಿಯಾಗಿದ್ದರು. ಗಚ್ಚಿಬೌಲಿಯ ಬಂಡೆಗಳ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದು, ಅವುಗಳೊಳಗೆ ಕಂಪ್ಯೂಟರಿನ ಮುಂದೆ ಕೂರುವವರಿಗೆಲ್ಲ ಫ್ಲ್ಯಾಟು ಬೇಕಾದಾಗ ಅವರು ಇಂಟೀರಿಯರ್ ಕನ್ಸಲ್ಟಂಟ್ ಆದರು. ಮಾಡುತ್ತಿದ್ದುದು ಅದೇ ಅಡುಗೆಮನೆಯ ಕಪಾಟು, ಅದೇ ಬಟ್ಟೆಯ ಅಲಮಾರಿ. ಕಿವಿಯ ಮೇಲಿನ ಪೆನ್ಸಿಲು ಮಾತ್ರ ಅಂಗಿಯ ಜೇಬಿಗಿಳಿದು ಬಾಲ್‌ಪೆನ್ನಾಯಿತು.

ಹಲಗೆ ಕೊಯ್ಯುವ ಕೆಲಸವನ್ನು ಅವರೀಗ ಪಟಾನ್‌ಚೆರುವಿನ ಒಂದು ಕಾರ್ಖಾನೆಗೆ ಕೊಡುತ್ತಿದ್ದರು. ಅಲ್ಲಿ ಕಂಪ್ಯೂಟರಿನ ಮಾತು ಕೇಳಿ ತಾನೇ ಕೊಯ್ದು, ತಾನೇ ತೂತು ಕೊರೆಯುವ ಸಿಎನ್‌ಸಿ ಮಿಷನ್ನಿತ್ತು. ಮ್ಯಾನೇಜರು ಕುಂದಾಪುರದ ಚಂದ್ರಹಾಸ. ಮೊದಮೊದಲು ಅವನು ಮಾಣಿಕಪ್ಪನವರು ಮದುವೆ ಕಾರ್ಡಿನ ಬೆನ್ನ ಮೇಲೆ ಗೀಚಿದ ನಕ್ಷೆಗಳನ್ನು ತಾನೇ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದ. ಕೆಲಸ ಹೆಚ್ಚಿದ ಮೇಲೆ, ಇನ್ನು ಫೈಲು ತಂದರೆ ಮಾತ್ರ ಎಂದುಬಿಟ್ಟ. ಮಾಣಿಕಪ್ಪನವರು ಸುಲ್ತಾನ್ ಬಜಾರಿಗೆ ಹೋಗಿ, ದಾರ ಕಟ್ಟುವ ಗಟ್ಟಿ ರಟ್ಟಿನ ಫೈಲೊಂದನ್ನು ಆರಿಸಿ ತಂದು, ಮದುವೆ ಕಾರ್ಡುಗಳನ್ನು ಅದರೊಳಗೆ ಇಟ್ಟುಕೊಟ್ಟರು.

ಆಮೇಲೆ ಶುರುವಾಯಿತು ಸಾಫ್ಟ್‌ವೇರಿನ ಹುಡುಕಾಟ. ಬಿ.ಕಾಂ. ಮುಗಿಸಿದ್ದ ಮಗಳು ಶಿವಗಂಗಾ ಮೂರನ್ನು ಪರೀಕ್ಷೆಗೆಂದು ಪುಕ್ಕಟೆ ಇಳಿಸಿಕೊಂಡಳು. ಮೊದಲನೆಯದು ಕಪಾಟಿನ ಮೇಲೊಂದು ಹೂದಾನಿಯಿಟ್ಟು ಕಿಟಕಿಯಿಂದ ಬಿಸಿಲನ್ನೂ ಬಿಡುತ್ತಿತ್ತು. ಹಲಗೆಯನ್ನು ಎಲ್ಲಿ ಕೊಯ್ಯಬೇಕೆಂದು ಮಾತ್ರ ಹೇಳುತ್ತಿರಲಿಲ್ಲ. ಎರಡನೆಯದು ಎಲ್ಲ ಹೇಳುತ್ತಿತ್ತು, ಆದರೆ ಹೇಳುವ ಮೊದಲು ಕೇಳುತ್ತಿತ್ತು: ಕೀಲು ಯಾವ ಬಗೆಯದು, ತೂತಿನ ಆಳ ಎಷ್ಟು, ಅಂಚಿನ ಪಟ್ಟಿ ಎಷ್ಟು ದಪ್ಪ. ತಮ್ಮನ್ನು ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕೇಳಿರಲಿಲ್ಲವೆಂದು ಹೆಂಡತಿ ಅನ್ನಮ್ಮ ನೆನೆಸಿಕೊಂಡರು. ಮೂರನೆಯದು ಮೋಡದಲ್ಲಿರುತ್ತದೆ ಎಂದು ಕೇಳಿ ಮಾಣಿಕಪ್ಪನವರು, ಹಾಗಾದರೆ ಮಳೆಗಾಲದಲ್ಲಿ ಅದರ ಗತಿಯೇನೆಂದು ವಿಚಾರಿಸಿದರು.

ಎರಡನೆಯದನ್ನು ನಂಬಿ ಮಿಯಾಪುರದಲ್ಲೊಂದು ಅಡುಗೆಮನೆ ಮಾಡಿದರು. ಕಪಾಟಿನ ಸಾಲಿನ ಕೊನೆಯ ಡಬ್ಬಿ ಗೋಡೆಯ ಪಕ್ಕದ ಜಾಗಕ್ಕೆ ಹೋಗಲೇ ಇಲ್ಲ. ಮಾಣಿಕಪ್ಪನವರು ಗಿಲಾವು ಕೆತ್ತಿ, ಡಬ್ಬಿಯನ್ನು ಗುದ್ದಿ ಕೂರಿಸಿ, ಸಾಫ್ಟ್‌ವೇರನ್ನು ಬಾಯಿಗೆ ಬಂದಂತೆ ಬೈದರು. ಆ ಫ್ಲ್ಯಾಟಿನವರು ಬೈದದ್ದು ಸಾಫ್ಟ್‌ವೇರನ್ನಲ್ಲ. ಅವರು ಕಾರ್ಖಾನೆಗೂ ಫೋನು ಮಾಡಿದರು.

ಹೀಗಿರುವಾಗ ಕೊಂಡಾಪುರದ ನಲಿನಿ ಮೇಡಮ್ಮಿನ ಅಡುಗೆಮನೆ ಬಂತು. ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮೇಲಾಗಿ ಫ್ಲ್ಯಾಟಿನವರ ಸಂಘದ ಕಾರ್ಯದರ್ಶಿ. ಅವರಿಗೆ ಮೆಚ್ಚಿಗೆಯಾದರೆ ಇಡೀ ಕಟ್ಟಡದ ಅಡುಗೆಮನೆಗಳು ಮಾಣಿಕಪ್ಪನವರಿಗೆ. ಮೆಚ್ಚಿಗೆಯಾಗದಿದ್ದರೆ ಏನೆಂಬುದನ್ನು ಚಂದ್ರಹಾಸ ಮೊದಲೇ ತಿಳಿಸಿದ್ದ.

"ಮಾಣಿಕಪ್ಪನವ್ರೇ, ಇದೂ ಕೂರ್ಲಿಲ್ಲ ಅಂದ್ರೆ ಇನ್ನು ನಿಮ್ಮ ಫೈಲು ನಂಗೆ ಬೇಡ ಮಾರಾಯ್ರೆ. ಹೆಸರು ಹಾಳಾಗೂದು ನಮ್ಮ ಮಿಷನ್ನಿದ್ದು."

ಮಾಣಿಕಪ್ಪನವರು ಈ ಸಲ ಗೋಡೆಯ ಉದ್ದವನ್ನೂ ಸೇರಿಸಿ ನಲಿನಿಯವರ ಅಳತೆಗಳನ್ನು ಎರಡನೆಯದಕ್ಕೆ ಹಾಕಿಸಿದರು. ಡಬ್ಬಿಗಳ ಸಾಲು ಗೋಡೆಗಿಂತ ಉದ್ದವೆಂದು ಅದು ಕೆಂಪು ಬಣ್ಣ ತೋರಿಸಿತು. ಮೋಡದಲ್ಲಿದ್ದುದಕ್ಕೆ ಹಾಕಿಸಿದರು. ಅಲ್ಲೂ ಕೆಂಪು. ಎರಡೂ ಕಂಪನಿಯವರು ಒಳಗೊಳಗೇ ಮಾತಾಡಿಕೊಂಡಿದ್ದಾರೆಂಬ ತೀರ್ಮಾನಕ್ಕೆ ಬಂದು, ಮತ್ತೆ ಅಳೆಯಲು ಹೆಂಡತಿ ಮಗಳೊಂದಿಗೆ ಕೊಂಡಾಪುರಕ್ಕೆ ಹೊರಟರು.

ಖಾಲಿ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎಂಟು ಡಬ್ಬಿಗಳ ಗುರುತು ಹಾಕಿ, ಮಾಣಿಕಪ್ಪನವರು ಟೇಪು ಹಿಡಿದು ಅಳತೆ ಕೂಗತೊಡಗಿದರು. ಶಿವಗಂಗಾ ಬಗ್ಗಿ ಟೇಪು ನೋಡಿದಳು.

"ಅಪ್ಪಾ, ಟೇಪಿನ್ಯಾಗ ಎರಡಡಿ ಐತಿ. ನೀ ಎರಡಡಿ ಸೂತು ಅಂತ ಹೇಳಾಕತ್ತೀ."

"ಎಲ್ಲಿ ಹೇಳೀನಿ? ಎರಡಡೀನ ಅಂದೀನಿ."

"ಮತ್ತೊಮ್ಮೆ ಓದು."

ಮಾಣಿಕಪ್ಪನವರು ಕನ್ನಡಕ ಸರಿಪಡಿಸಿಕೊಂಡು, ಟೇಪಿಗೆ ಮೂಗು ತಾಗುವಷ್ಟು ಬಾಗಿ ಓದಿದರು. "ಎರಡಡಿ ಸೂತು."

ಇಂಚಿನ ಎಂಟರಲ್ಲೊಂದು ಪಾಲಿಗೆ ಬಡಗಿಗಳು ಸೂತು ಎನ್ನುತ್ತಾರೆ. ಅಳತೆ ದುಂಡಗೆ ಮುಗಿಯಬಾರದು, ಶುಭಕ್ಕೆಂದು ಒಂದು ಸೂತು ಮೇಲಿರಬೇಕು ಎಂಬುದು ಮಾಣಿಕಪ್ಪನವರ ಮನೆತನದ ಪದ್ಧತಿ. ಮದುವೆಯ ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಟ್ಟ ಹಾಗೆ. ಕೈಯಲ್ಲಿ ಮಾಡುವಾಗ ಆ ಸೂತು ಕೀಸುವುದರಲ್ಲಿ ಹೋಗಿಬಿಡುತ್ತಿತ್ತು. ಪಟಾನ್‌ಚೆರುವಿನ ಮಿಷನ್ನು ಅದನ್ನು ಕೂದಲೆಳೆಯಷ್ಟೂ ತಪ್ಪದೆ ಕೊಯ್ದು ಕಳಿಸುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅನ್ನಮ್ಮ ಲೆಕ್ಕ ಹಾಕಿದರು. "ಎಂಟು ಡಬ್ಬಿಗೆ ಎಂಟು ಸೂತು, ಒಂದು ಇಂಚ ಆತು ನೋಡ್ರಿ. ಗ್ವಾಡಿ ಏನ್ ಶುಭಕ್ಕಂತ ಬೆಳೀತೈತೇನು?"

ಮಾಣಿಕಪ್ಪನವರು ಇನ್ನೆರಡು ಸಲ ಪ್ರಯತ್ನಿಸಿದರು. ಕಣ್ಣು ಎರಡಡಿ ಎಂದು ನೋಡುತ್ತಿತ್ತು. ನಾಲಿಗೆ ತನ್ನ ಪಾಡಿಗೆ ತಾನು ಸೂತು ಸೇರಿಸುತ್ತಿತ್ತು. ಸೂತು ಬಿಟ್ಟರೆ ಅಶುಭ, ಇಟ್ಟರೆ ಚಂದ್ರಹಾಸ. ಗೋಡೆಗೆ ಒರಗಿ ಕುಳಿತು, ಮೂರೂ ಸಾಫ್ಟ್‌ವೇರುಗಳಲ್ಲಿ ಯಾವುದೂ ತಪ್ಪು ಮಾಡಿಲ್ಲವೆಂಬ ಸಂಗತಿಯನ್ನು ಒಳಗಿಳಿಸಿಕೊಳ್ಳಲು ನೋಡಿದರು. ಅದು ಇಳಿಯಲಿಲ್ಲ. ಕೊನೆಗೆ ಟೇಪನ್ನು ಮಗಳ ಕಡೆ ಚಾಚಿದರು.

"ನೀನ ಓದು. ನಾ ಹೊರಗ ಇರ್ತೀನಿ."

ಶಿವಗಂಗಾ ಓದಿದ ಅಳತೆಯಂತೆ ಕೊಯ್ದ ಹಲಗೆಗಳು ಬಂದವು. ಏಳು ಡಬ್ಬಿ ಕೂತವು. ಎಂಟನೆಯದನ್ನು ತಳ್ಳುವಾಗ ಮಾಣಿಕಪ್ಪನವರು ಅಭ್ಯಾಸದಂತೆ ಸುತ್ತಿಗೆ ಎತ್ತಿ ಹಿಡಿದಿದ್ದರು. ಡಬ್ಬಿ ಸುಮ್ಮನೆ ಒಳಗೆ ಹೋಗಿ ನಿಂತಿತು. ಒಂದು ಏಟೂ ತಿನ್ನದೆ ಕೂತ ಡಬ್ಬಿಯನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ; ಎತ್ತಿದ ಸುತ್ತಿಗೆಯನ್ನು ಎಲ್ಲಿ ಇಳಿಸಬೇಕೆಂದು ತೋಚಲಿಲ್ಲ.

ನಲಿನಿಯವರು ಬಾಗಿಲುಗಳನ್ನೆಲ್ಲ ತೆಗೆದು ಮುಚ್ಚಿ ನೋಡಿ, ಸಂಘದವರಿಗೆ ತಾವೇ ಹೇಳುವುದಾಗಿ ಮಾತು ಕೊಟ್ಟರು. ಆಮೇಲೆ ತಮ್ಮ ಕಸುಬಿನ ಕುತೂಹಲದಿಂದ, "ಯಾವ ಸಾಫ್ಟ್‌ವೇರ್ ಉಪಯೋಗಿಸಿದ್ರಿ?" ಎಂದು ಕೇಳಿದರು.

ಮಾಣಿಕಪ್ಪನವರು ಗಂಟಲು ಸರಿಮಾಡಿಕೊಂಡರು. ಬಾಲ್‌ಪೆನ್ನನ್ನು ಮುಟ್ಟಿ ನೋಡಿಕೊಂಡರು. ಮಗಳು ಯಾವುದರಲ್ಲಿ ಮಾಡಿದಳೆಂದು ಅವರು ಕೇಳಿರಲೇ ಇಲ್ಲ.

"ಅದನ್ನ ನಮ್ಮ ಶಿವಗಂಗಾನ ಕೇಳ್ರಿ ಮೇಡಂ. ಟೇಪು ಆಕೀದು, ಕಂಪ್ಯೂಟರು ಆಕೀದು. ಕೂಡ್ಸೋದು ಅಷ್ಟ ನಂದು."

ನಲಿನಿಯವರೂ ಶಿವಗಂಗಾಳೂ ಮಾತಿಗೆ ನಿಂತರು. ಮಾಣಿಕಪ್ಪನವರು ಎಂಟನೆಯ ಡಬ್ಬಿಯ ಬಾಗಿಲನ್ನು ತೆಗೆದರು, ಮುಚ್ಚಿದರು. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು. ಯಾರನ್ನು ಬೈಯಬೇಕೆಂದೇ ಅವರಿಗೆ ತಿಳಿಯಲಿಲ್ಲ.