ಹೆಂಡತಿಯ ತಲೆಗೆ ಕಟ್ಟಿದ ಫೇಟಾ

ನಮ್ಮ ಮನೆತನದಲ್ಲಿ ಮದುಮಗನ ತಲೆಗೆ ಫೇಟಾ ಕಟ್ಟುವುದು ಹುಡುಗಿಯ ಸೋದರಮಾವನ ಹಕ್ಕು. ನಮ್ಮೂರು ಚಿಂತಾಕಿಯಲ್ಲಿ ಎಷ್ಟೋ ತಲೆಗಳಿಗೆ ಕಟ್ಟಿದವನು ನಾನು. ಆದರೆ ಔರಾದಿನಲ್ಲಿರುವ ತಂಗಿಯ ಒಬ್ಬಳೇ ಮಗಳ ಮದುವೆ ನಿಶ್ಚಯವಾಗುವ ಹೊತ್ತಿಗೆ, ಭಾಲ್ಕಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ನನ್ನ ಕೈಗಳು ಕಲಿತದ್ದನ್ನೆಲ್ಲ ಮರೆತಿದ್ದವು.

ಶಕ್ತಿಗೇನೂ ಕೊರತೆಯಿಲ್ಲ. ತೊಗರಿ ಚೀಲ ಎತ್ತುತ್ತಿದ್ದೆ. ಆದರೆ ಬಾಚಣಿಗೆ ಕೊಟ್ಟರೆ ಅದರಿಂದಲೇ ಹಲ್ಲುಜ್ಜಲು ಹೋಗುತ್ತಿದ್ದೆ. ನಂಟರು ಇದನ್ನು ನಖರಾ ಅಂದಾಗ ಮೈಯೆಲ್ಲ ಉರಿಯುತ್ತಿತ್ತು. ಬೀದರಿನಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನೇ ತಿಳಿಯುವಂತೆ ಹೇಳಿದ್ದು.

"ಕೈ ಛಲೋ ಅವ ರೀ. ಮೊದಲ ಏನ್ ಮಾಡಬೇಕು, ಆಮ್ಯಾಲ ಏನ್ ಮಾಡಬೇಕು ಅಂತ ಮೆದುಳು ಕೈಗೆ ಹೇಳವಲ್ದು. ದಿನಾ ಒಂದೇ ಕೆಲಸ ಮಾಡ್ರಿ."

ಎರಡು ತಿಂಗಳು ದಿನಾ ಹೆಂಡತಿಯ ತಲೆಗೆ ಫೇಟಾ ಕಟ್ಟಿ ಕಲಿತೆ. ಮೊದಲ ದಿನ ಬಟ್ಟೆ ಹೋಗಿ ಅವಳ ಕೊರಳಿಗೆ ಸುತ್ತಿತು.

"ಕುತ್ತಿಗಿ ಹಿಚುಕಬ್ಯಾಡ್ರಿ, ನನಗ ಇನ್ನಾ ಮದುವಿ ಊಟ ಮಾಡೋದದ!"

ಕೊನೆಯ ವಾರ ಸರಿಯಾಗಿ ಕೂತಿತು. ಕನ್ನಡಿ ಮುಂದೆ ಇಲ್ಲದ ಮೀಸೆ ತಿರುವಿ, "ಹ್ಯಾಂಗ ಕಾಣ್ತೇನ್ರಿ ಸಾವಕಾರ?" ಅಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮದುವೆಯ ದಿನ ಮದುಮಗನ ಮುಂದೆ ನಿಂತೆ. ಕೈ ನಿಂತುಬಿಟ್ಟಿತು. ಅದು ನನ್ನ ಹೆಂಡತಿಯ ತಲೆಯಲ್ಲವಲ್ಲ! ಎತ್ತರ ಬೇರೆ, ತುರುಬಿಲ್ಲ. ಬಟ್ಟೆಯನ್ನು ನನ್ನ ಮುಂಗೈಗೇ ಸುತ್ತಿಕೊಂಡೆ. ಅವನ ಕಾಕಾ ಸಿಡುಕಿದರು: "ಮುಹೂರ್ತ ಹೊಂಟದ, ಯಾರರೆ ಬ್ಯಾರೆಯವರು ಕಟ್ರಿ." ತಂಗಿಯ ಮುಖ ಸಪ್ಪಗಾಯಿತು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಹೆಂಗಸರ ಗುಂಪನ್ನು ಸರಿಸಿಕೊಂಡು ಹೆಂಡತಿ ಬಂದಳು. ಕುರ್ಚಿ ಎಳೆದು ಮದುಮಗನ ಪಕ್ಕದಲ್ಲೇ ಕೂತಳು.

"ನನ್ನ ತಲಿಗೆ ಕಟ್ರಿ. ಆಮ್ಯಾಲ ತೆಗೆದು ಅವರಿಗಿಡ್ರಿ."

ಮಂಟಪವೆಲ್ಲ ಗೊಳ್ಳೆಂದಿತು. ನಗಲಿ ಬಿಡಿ! ಅವಳ ತುರುಬು ಕಂಡದ್ದೇ ತಡ, ಕೈಗಳು ಸರಸರ ಓಡಿದವು. ಕಟ್ಟಿ ಮುಗಿಸಿ, ಇಡಿಯಾಗಿ ಎತ್ತಿ, ಮದುಮಗನ ತಲೆಗಿಟ್ಟೆ. ತುರುಬು ಸೇರಿದ ತಲೆಯ ಅಳತೆಯದ್ದು, ಸಡಿಲವಾಗಿ ಹುಬ್ಬಿಗಿಳಿಯಿತು. ಬಿಚ್ಚಿ ಕಟ್ಟಲು ಕಾಕಾ ಕೈ ಚಾಚಿದರು. ಹುಡುಗ ತಲೆ ಹಿಂದೆ ತೆಗೆದ.

"ಬ್ಯಾಡ ಕಾಕಾ. ಮಾಮಾ ಕಟ್ಟಿದ್ದೇ ಇರ್ಲಿ."

ತಾಳಿ ಕಟ್ಟಲು ಬಗ್ಗಿದಾಗ ಫೇಟಾ ಅವನ ಕಣ್ಣನ್ನೇ ಮುಚ್ಚಿತು. ಅವನ ಎರಡೂ ಕೈ ತಾಳಿಯಲ್ಲಿದ್ದವು. ಯಾರೂ ಹೇಳುವ ಮೊದಲೇ ನಾನು ಹಿಂದಿನಿಂದ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದೆ. ಮೂರು ಗಂಟು ಬೀಳುವವರೆಗೂ ಬಿಡಲಿಲ್ಲ. ತಂಗಿಯ ಮಗಳು ತಲೆ ತಗ್ಗಿಸಿಕೊಂಡೇ ನಗುತ್ತಿದ್ದಳು. ನಾನು ಅಳುತ್ತಿದ್ದೆ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.