ದೊಡ್ಡವ್ವನ ಹಾಲಿಗೆ ನಾನು ಬೆರೆಸಿದ ನೀರು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೇನಿಲ್ಲ. ಬೆಳಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕಿತ್ತು ರೇಷ್ಮೆಹುಳಕ್ಕೆ ಹಾಕಿ, ಕೈಗೆ ಹತ್ತಿದ ಅಂಟು ಹೋಗುವ ಮೊದಲೇ ಕೈಲಾಂಚದ ಕಡೆಯಿಂದ ಬರುವ ಬಸ್ಸಿಗೆ ನೇತುಬಿದ್ದು, ರಾಮನಗರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ನನ್ನ ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲೇ ನೇತು ಹಾಕಿದ್ದೇವೆ. ಅವ್ವ ಊದುಬತ್ತಿ ಹಚ್ಚಿದಾಗ ಅದಕ್ಕೂ ಒಂದು ಸುತ್ತು ಸಲ್ಲುತ್ತದೆ. ಈಗ ಬಿಡದಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ.

ಕಥೆ ಅನ್ನುವುದು ಎಲ್ಲೋ ದೂರದಲ್ಲಿ ನಡೆಯುವಂಥದ್ದು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನನ್ನ ಮೊದಲ ಕಥೆಗಳ ನಾಯಕಿಯರೆಲ್ಲ ಬಾಲ್ಕನಿಯಲ್ಲಿ ನಿಂತು ಸಮುದ್ರ ನೋಡುವವರು. ನಾನು ಸಮುದ್ರ ನೋಡಿರಲಿಲ್ಲ. ನಮ್ಮೂರಲ್ಲಿ ಬಾಲ್ಕನಿ ಇದ್ದದ್ದು ಒಂದೇ ಮನೆಗೆ, ಅದರಲ್ಲಿ ಅವರು ಬೂಸಾ ಚೀಲ ಒಟ್ಟಿದ್ದರು. ಕಳಿಸಿದ ಕಥೆಗಳಿಗೆ ಯಾವ ಪತ್ರಿಕೆಯಿಂದಲೂ ಉತ್ತರ ಬರಲಿಲ್ಲ. ಸ್ಫೂರ್ತಿ ಸಾಲದು ಅಂದುಕೊಂಡು ಭಾನುವಾರಗಳಲ್ಲಿ ಊರ ಹಿಂದಿನ ಬೆಟ್ಟ ಹತ್ತಿ ಬಂಡೆಯ ಮೇಲೆ ಕೂತು ಕಾದೆ. ಸ್ಫೂರ್ತಿ ಬರಲಿಲ್ಲ, ಕೋತಿ ಬಂತು. ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಹೋಯಿತು.

ಕೊನೆಗೆ ಕಥೆ ಸಿಕ್ಕಿದ್ದು ಡೈರಿಯ ಸಾಲಿನಲ್ಲಿ. ನಮ್ಮೂರಿನದು ಹೆಂಗಸರ ಡೈರಿ, ಅಂದರೆ ಹೆಂಗಸರೇ ಸದಸ್ಯರಾದ ಹಾಲಿನ ಸಂಘ. ಕಂಪನಿ ಬಸ್ಸು ಹಿಡಿಯುವ ಮೊದಲು ನಮ್ಮ ಮನೆಯ ಹಾಲು ಹಾಕಿ ಬರುವುದು ನನ್ನ ಪಾಲಿನ ಕೆಲಸ. ಆವತ್ತು ನನ್ನ ಮುಂದೆ ನಿಂತಿದ್ದವಳು ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಮಾತಿಗೆ ಆ ಗೋಡೆ ಲೆಕ್ಕಕ್ಕೇ ಇಲ್ಲ. ಹಾಲು ಪರೀಕ್ಷೆ ಮಾಡುವವನನ್ನು ನಾವೆಲ್ಲ ಟೆಸ್ಟರಣ್ಣ ಅನ್ನುತ್ತೇವೆ. ಬೇಸಿಗೆಯ ಒಣ ಮೇವಿನ ದಿನಗಳು, ಎಲ್ಲರ ಹಾಲಿನ ಕೊಬ್ಬೂ ಇಳಿದಿತ್ತು. ಅವನು ಮಿಷನ್ ನೋಡಿ ಮೆಲ್ಲಗೆ ಹೇಳಿದ.

"ಇವತ್ತು ಫ್ಯಾಟು ಒಸಿ ಕಮ್ಮಿ ಐತೆ ಕಣಕ್ಕ."

"ಯಾಕ್ಲಾ ಕಮ್ಮಿ ಐತೆ? ನಿನ್ ಮಿಷನ್‌ಗೆ ಜ್ವರ ಬಂದದೆ. ಮೊದ್ಲು ಅದುಕ್ಕೊಂದ್ ಸೂಜಿ ಹಾಕ್ಸು."

"ಮಿಷನ್ ಸುಳ್ ಯೋಳಕಿಲ್ಲ ಕಣಕ್ಕ."

"ಈ ಊರಲ್ಲಿ ಸುಳ್ ಯೋಳ್ದೆ ಇರೋದು ಅದೊಂದೇನಾ? ಅಂಗಾರೆ ಅದುನ್ನೇ ಎಲೆಕ್ಷನ್‌ಗೆ ನಿಲ್ಸಿ, ನಾನೇ ಓಟ್ ಹಾಕ್ತೀನಿ."

ಸಾಲಿಗೆ ಸಾಲೇ ನಕ್ಕಿತು. ನಾನು ಬಸ್ಸು ಹತ್ತಿದವಳೇ ಮೊಬೈಲಿನಲ್ಲಿ ಬರೆಯಲು ಕೂತೆ. ಬಿಡದಿ ಮುಟ್ಟುವುದರೊಳಗೆ ಅರ್ಧ ಕಥೆ ಮುಗಿದಿತ್ತು. ದೊಡ್ಡವ್ವನ ಜಗಳ, ಅವಳು ಸೆರಗು ಸಿಕ್ಕಿಸುವ ರೀತಿ, ಮೂತಿ ನೆಗ್ಗಿದ ಅವಳ ಕ್ಯಾನು, ಎಲ್ಲವನ್ನೂ ಇದ್ದಂತೆ ಇಳಿಸಿದೆ. ಆದರೆ ಕಥೆಗೊಂದು ತಿರುವು ಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆನಲ್ಲ. ಕೊನೆಯ ಪ್ಯಾರಾದಲ್ಲಿ ನನ್ನ ನಾಯಕಿ ಜಗಳ ಗೆದ್ದು ಮನೆಗೆ ಬರುತ್ತಾಳೆ. ಸಂಜೆಯ ಹಾಲು ಕರೆಯುತ್ತಾಳೆ. ಅತ್ತಿತ್ತ ನೋಡಿ ಅದಕ್ಕೆ ಒಂದು ಚೊಂಬು ನೀರು ಹುಯ್ದು, ತನ್ನಷ್ಟಕ್ಕೆ ಮುಗುಳ್ನಗುತ್ತಾಳೆ. ಆ ಮುಗುಳ್ನಗೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಕಥೆ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು, ನನ್ನ ಹೆಸರು, ಹೆಸರಿನ ಮುಂದೆ ಊರಿನ ಹೆಸರು. ಅಪ್ಪ ಕಟಿಂಗ್ ಶಾಪಿನಿಂದ ಪೇಪರನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ತಂದ. ದೊಡ್ಡವ್ವನಿಗೆ ಓದು ಬಾರದು. ಅವಳು ಪೇಪರ್ ಕಸಿದುಕೊಂಡು ನೇರ ಡೈರಿಗೆ ಹೋದಳು. ನಾನೂ ಹಿಂದೆ ಓಡಿದೆ. ಟೆಸ್ಟರಣ್ಣ ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದತೊಡಗಿದ.

ಕ್ಯಾನಿನ ಮೂತಿ ಬಂದಾಗ ದೊಡ್ಡವ್ವ ಸುತ್ತ ನೋಡಿದಳು. ಸೂಜಿಯ ಮಾತು ಬಂದಾಗ "ನಾನೇ ಕಣ್ರೇ! ನಾ ಯೋಳಿದ್ದು ಕಣ್ರೇ!" ಎಂದು ಕೂಗಿದಳು. ಆಮೇಲೆ ಚೊಂಬು ಬಂತು. ನೀರು ಬಂತು. ಮುಗುಳ್ನಗೆಯನ್ನು ಓದುವಾಗ ಟೆಸ್ಟರಣ್ಣನ ದನಿ ತಾನಾಗಿ ಸಣ್ಣದಾಯಿತು.

ಕೆಳಬೀದಿಯ ಹೆಂಗಸೊಬ್ಬಳು ಗಂಟಲು ಸರಿಮಾಡಿಕೊಂಡಳು.

"ನಾನೇನೂ ಅಂದಿಲ್ಲಪ್ಪ. ಪೇಪರ್‌ನಲ್ಲೇ ಬಂದೈತೆ."

ಈ ಕೆಳಬೀದಿಯವಳು ಯಾರೆಂದು ಹೇಳಬೇಕು. ಮುಂದಿನ ಭಾನುವಾರವೇ ನಮ್ಮ ಡೈರಿಯ ನಿರ್ದೇಶಕರ ಚುನಾವಣೆಯಿತ್ತು. ಒಂದು ಸ್ಥಾನಕ್ಕೆ ದೊಡ್ಡವ್ವ ಮತ್ತು ಇವಳು ಎದುರಾಬದುರಾ ನಿಂತಿದ್ದರು. ಕೆಳಬೀದಿಯವಳು ಮನೆಮನೆಗೆ ಅರಿಶಿನ ಕುಂಕುಮ ಹಿಡಿದುಕೊಂಡು ಹೋಗಿದ್ದಳು. ದೊಡ್ಡವ್ವನ ಪ್ರಚಾರ ಒಂದೇ ಮಾತು: "ನನ್ ಮಕ ನೋಡ್ಬ್ಯಾಡಿ, ನನ್ ಹಾಲ್ ನೋಡಿ ಓಟ್ ಹಾಕಿ." ಆ ಹಾಲಿಗೆ ನಾನು ರಾಜ್ಯಕ್ಕೆಲ್ಲ ಕಾಣುವಂತೆ ನೀರು ಹುಯ್ದಿದ್ದೆ.

ಓದಿದವಳಲ್ಲವೇ, ವಿವರಿಸಿದರೆ ಸರಿಹೋಗುತ್ತದೆ ಅಂದುಕೊಂಡೆ. ಮಾರನೆಯ ಬೆಳಗ್ಗೆ ಸಾಲಿನ ಮುಂದೆ ನಿಂತು, ಅದು ಕಥೆ, ನಡೆದದ್ದಲ್ಲ, ಕಲ್ಪನೆ ಎಂದು ತಿಳಿಸಿ ಹೇಳಿದೆ.

"ಕ್ಯಾನು ಕಲ್ಪನೆನಾ?" ಎಂದಳು ಒಬ್ಬಳು.

"ಇಲ್ಲ, ಕ್ಯಾನು ನಿಜ."

"ಜಗ್ಳ?"

"ಜಗಳವೂ ನಿಜ."

"ಎಲ್ಲಾ ದಿಟ, ನೀರೊಂದೇ ಸುಳ್ಳಾ? ಆವತ್ತು ಫ್ಯಾಟ್ ಕಮ್ಮಿ ಬಂದಿದ್ದು ಮತ್ತ್ಯಾಕವ್ವ?"

ಸಾಲಿನ ಕೊನೆಯಲ್ಲಿದ್ದ ಅಜ್ಜಿಯೊಬ್ಬಳು ಬೇರೆಯೇ ಪ್ರಶ್ನೆ ಎತ್ತಿದಳು. "ಅಲ್ಲಾ ಕಣ್ ಮಗ, ಕಲ್ಪನೆ ಅಂತೀಯ. ಕಲ್ಪನೆಗೆ ಕಾಸಾ ಕರೀಮಣಿಯಾ? ನೀರೇ ಯಾಕ್ ಹುಯ್ದೆ, ಒಂದ್ ಚೊಂಬು ತುಪ್ಪ ಹುಯ್ಯಕಾಗ್ನಿಲ್ವಾ?"

ಮೂರು ವರ್ಷ ಸಾಹಿತ್ಯ ಓದಿದವಳು ಖಾಲಿ ಕ್ಯಾನು ಎತ್ತಿಕೊಂಡು ಮನೆಗೆ ಓಡಿದೆ.

ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿದೆ. "ಸಾರ್, ಒಂದು ತಿದ್ದುಪಡಿ ಹಾಕಬೇಕು. ಆ ಹಾಲಿನಲ್ಲಿ ನೀರಿರಲಿಲ್ಲ." ಅವರು ನಕ್ಕುಬಿಟ್ಟರು. "ಕಥೆಗೆ ತಿದ್ದುಪಡಿ ಹಾಕುವ ಪದ್ಧತಿ ನಮ್ಮಲ್ಲಿಲ್ಲಮ್ಮ. ಬೇಕಾದರೆ ಇನ್ನೊಂದು ಕಥೆ ಕಳಿಸಿ," ಅಂದರು.

ಅಷ್ಟರಲ್ಲಿ ಡೈರಿಯಲ್ಲಿ ದೊಡ್ಡವ್ವ ಕ್ಯಾನ್ ಇಳಿಸಿದರೆ ಹಿಂದಿನವರು ಬಗ್ಗಿ ನೋಡುವುದು ಶುರುವಾಯಿತು. ಹಸುಗೂಸಿಗೆಂದು ಅವಳ ಮನೆಯಿಂದಲೇ ಹಾಲು ಕೊಳ್ಳುತ್ತಿದ್ದ ಬಾಣಂತಿ ಮನೆಯವರು ನಾಳೆಯಿಂದ ಬೇಡ ಎಂದು ಹೇಳಿ ಕಳಿಸಿದರು. ಅವತ್ತು ದೊಡ್ಡವ್ವ ನಮ್ಮ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. ಬೈಯುತ್ತಾಳೆಂದು ನಾನು ತಯಾರಾಗಿದ್ದೆ. ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

"ಗೆಲ್ಲೋದು ಸೋಲೋದು ಅತ್ಲಾಗಿರ್ಲಿ ಮಗ," ಎಂದಳು. "ಮದ್ವೆ ಆಗಿ ಬಂದಾಗಿಂದ ಈ ಊರ್ಗೆ ಹಾಲ್ ಅಳೀತಾ ಇವ್ನಿ. ಒಬ್ರೂ ನನ್ ಪಾತ್ರೆ ಒಳಿಕ್ಕೆ ಬಗ್ಗಿ ನೋಡಿರ್ನಿಲ್ಲ."

ಚುನಾವಣೆಯ ಹಿಂದಿನ ದಿನ ಬೆಳಗ್ಗೆ ಅವಳೇ ದಾರಿ ಕಂಡುಕೊಂಡಳು. ಹಸುವನ್ನೇ ಡೈರಿಗೆ ಹೊಡೆದುಕೊಂಡು ಹೋಗುವುದು, ಎಲ್ಲರ ಕಣ್ಣ ಮುಂದೆ ಕರೆಯುವುದು, ಕರೆದ ಹಾಲನ್ನು ಅಲ್ಲೇ ಮಿಷನ್ನಿಗೆ ಇಡುವುದು. ಹಗ್ಗ ಹಿಡಿಯುವ ಕೆಲಸ ನನಗೆ. "ನೀರ್ ಹುಯ್ದೋಳು ನೀನೇ, ನೀನೇ ಬಾ," ಎಂದಳು. ಅವಳೋ ಅಭ್ಯರ್ಥಿ. ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಗಂಭೀರವಾಗಿ ತುಟಿ ಬಿಗಿದುಕೊಂಡು ನಡೆದಳು. ನಾಲಿಗೆ ಹಿಡಿತದಲ್ಲಿಟ್ಟುಕೋ ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದರು.

ಡೈರಿಯ ಮುಂದೆ ಅರ್ಧ ಊರು ಸೇರಿತು. ದೊಡ್ಡವ್ವ ಕೆಚ್ಚಲು ತೊಳೆದು, ಬಟ್ಟೆಯಲ್ಲಿ ಒರೆಸಿ, ಬಕೆಟ್ಟನ್ನು ತಲೆಕೆಳಗು ಮಾಡಿ ತೋರಿಸಿ, ಕುಕ್ಕರಗಾಲಲ್ಲಿ ಕೂತಳು. ನಾಲ್ಕು ಸೆಳಕು ಹಾಲು ಬಂತು. ನಿಂತುಹೋಯಿತು. ಹಸು ಹಾಲು ಇಳಿಸದೆ ಮೇಲಕ್ಕೆ ಏರಿಸಿಕೊಂಡುಬಿಟ್ಟಿತ್ತು.

ಹಸು ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ: ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಇಳಿಯುವುದೇ ಗಟ್ಟಿ. ಈ ನಾಲ್ಕು ಸೆಳಕನ್ನೇ ಮಿಷನ್ನಿಗೆ ಇಟ್ಟರೆ ನಾನು ಬರೆದದ್ದೆಲ್ಲ ಸತ್ಯವಾಗಿಬಿಡುತ್ತಿತ್ತು. ದೊಡ್ಡವ್ವ ನೀವಿದಳು, ತಟ್ಟಿದಳು, ಮತ್ತೆ ಎಳೆದಳು. ಹಸು ಬಾಲದಿಂದ ಅವಳ ಹೂವಿಗೇ ಬೀಸಿತು.

"ದೃಷ್ಟಿ ಆಗೈತೆ," ಎಂದ ಟೆಸ್ಟರಣ್ಣ.

"ಹೊಸ ಜಾಗ ಅಲ್ವಾ," ಎಂದಳೊಬ್ಬಳು.

"ನೀರ್ ತರಕೆ ಮರ್ತಿರ್ಬೇಕು," ಎಂದಿತು ಹಿಂದಿನಿಂದ ಒಂದು ದನಿ.

ನನಗೆ ತಟ್ಟನೆ ಹೊಳೆಯಿತು. ಗೋಡೆಯಾಚೆಯಿಂದ ದಿನಾ ಕೇಳುವವಳು ನಾನು. ಕರು ಮೊಲೆ ಬಿಟ್ಟ ಮೇಲೆ ಆ ಹಸುವಿಗೆ ದೊಡ್ಡವ್ವನ ಮಾತೇ ಅಭ್ಯಾಸವಾಗಿತ್ತು. ಹಾಲು ಕರೆಯುವಷ್ಟು ಹೊತ್ತೂ ಅವಳು ಹಿಂದಿನ ದಿನ ಊರಲ್ಲಿ ನಡೆದದ್ದನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದಳು. ಇವತ್ತು ಅಭ್ಯರ್ಥಿಯ ಗಾಂಭೀರ್ಯದಲ್ಲಿ ತುಟಿ ಹೊಲಿದುಕೊಂಡು ಕೂತರೆ ಅದು ಯಾರೋ ಹೊಸಬಳು ಅಂದುಕೊಳ್ಳದೆ ಇನ್ನೇನು?

"ಮಾತಾಡು ದೊಡ್ಡವ್ವ," ಎಂದೆ. "ದಿನಾ ಮಾತಾಡಂಗೆ ಮಾತಾಡು."

"ಇವ್ರೆಲ್ರ ಮುಂದೆನಾ?" ಎಂದಳು ಪಿಸುದನಿಯಲ್ಲಿ. ಅವಳು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಲ್ದಿದ್ರೆ ಇಳಿಸಲ್ಲ ಅದು."

ದೊಡ್ಡವ್ವ ಸುತ್ತ ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿದಳು. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಶುರು ಮಾಡಿದಳು.

"ಕೇಳವ್ವ ನನ್ ತಾಯಿ. ನಮ್ಮನೇಲೊಂದು ಓದಿದ್ ಹೆಣ್ಣದೆ. ಅದು ಓದ್ಲಿ ಅಂತ ನೀನು ಹಾಲ್ ಕೊಟ್ಟೆ, ನಾನು ಹೊರೆ ಹೊತ್ತೆ. ಈಗ ಅದು ನಿನ್ ಹಾಲಿಗೇ ನೀರ್ ಹುಯ್ದದೆ. ಅದೂ ಮನೇಲಲ್ಲ, ಪೇಪರ್‌ನಲ್ಲಿ."

ಹಸು ಕಿವಿ ಹಿಂದಕ್ಕೆ ತಿರುಗಿಸಿತು. ಬಕೆಟ್ಟಿನಲ್ಲಿ ಒಂದು ಸೆಳಕು ಸದ್ದು ಮಾಡಿತು.

"ಅಗೋ, ಟೆಸ್ಟರಣ್ಣ ನಿಂತವ್ನೆ. ಕಾಪಿಗೆ ಸ್ಯಾಂಪಲ್ ಹಾಲೇ ಆಗ್ಬೇಕು ಅವ್ನಿಗೆ. ಸಕ್ರೆನಾದ್ರೂ ಮನೆಯಿಂದ ತತ್ತಾನೆ, ಪುಣ್ಯಾತ್ಮ." ಟೆಸ್ಟರಣ್ಣ ಮಿಷನ್ ಒರೆಸುವುದಕ್ಕೆ ಒಳಗೆ ಹೋದ. ಹಾಲು ಜೋರಾಯಿತು. "ಕೆಳಬೀದಿಯಮ್ಮನೂ ಬಂದವ್ಳೆ ನೋಡು. ಅವ್ಳ್ ಹಸ ಕರ ಹಾಕಿ ವರ್ಸ ಆಗ್ತಾ ಬಂತು, ಇನ್ನೂ ಮೊದ್ಲಿನಷ್ಟೇ ಹಾಲ್ ಕೊಡ್ತದಂತೆ. ಅದ್ಯಾವ್ ಬೂಸಾ ಹಾಕ್ತಾಳೋ, ಕೊಳಾಯಿ ಬೂಸಾನೋ ಏನೋ, ನಮಿಗೂ ಒಸಿ ಯೋಳ್ಬಾರ್ದಾ?"

ಜನ ನಕ್ಕು ನಕ್ಕು ಜಗಲಿ ಹಿಡಿದುಕೊಂಡರು. ಕೆಳಬೀದಿಯವಳು ಸಿಟ್ಟಾಗಲು ನೋಡಿದಳು, ಆಗಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೊಡ್ಡವ್ವ ಒಬ್ಬೊಬ್ಬರನ್ನೇ ಹಸುವಿಗೆ ಪರಿಚಯಿಸುತ್ತ ಹೋದಳು. ಬಕೆಟ್ಟಿನಲ್ಲಿ ನೊರೆ ಏರುತ್ತ ಹೋಯಿತು. ನಾನು ಹಗ್ಗ ಹಿಡಿದು ನಿಂತಿದ್ದೆ. ನನ್ನನ್ನೂ ಸೇರಿಸಿ ಬೈಯುತ್ತಿದ್ದಳು, ಆದರೆ ನನ್ನ ಗಮನವೆಲ್ಲ ಒಂದು ಮಾತೂ ಮರೆತುಹೋಗಬಾರದು ಎನ್ನುವುದರ ಮೇಲಿತ್ತು.

"ಹಗ್ಗ ಬಿಗ್ಯಾಗಿ ಹಿಡ್ಕಳೇ," ಎಂದಳು ತಿರುಗಿ ನೋಡದೆ. "ತುಟಿ ಅಲ್ಲಾಡಿಸ್ಬ್ಯಾಡ. ನೋಡು ತಾಯಿ, ಬಾಯ್ಪಾಠ ಮಾಡ್ಕತಾವ್ಳೆ."

ಕೊನೆಯ ಹನಿಯವರೆಗೂ ಹಿಂಡಿ ಎದ್ದಳು. ಹಾಲು ಮಿಷನ್ನಿಗೆ ಹೋಯಿತು. ಟೆಸ್ಟರಣ್ಣ ಅಂಕಿಯನ್ನು ಒಮ್ಮೆ ಮೆಲ್ಲಗೆ ಓದಿದ. "ಜಗ್ಲಿಗೆ ಕೇಳಂಗ್ ಓದ್ಲಾ, ಆ ಕತೆ ಓದ್ದಲ್ಲ ಅಂಗೆ!" ಎಂದು ದೊಡ್ಡವ್ವ ಗದರಿದ ಮೇಲೆ ಇನ್ನೊಮ್ಮೆ ಕೂಗಿ ಓದಿದ. ಆ ಬೇಸಿಗೆಯಲ್ಲಿ ನಮ್ಮ ಡೈರಿಯ ಯಾರ ಹಾಲಿಗೂ ಅಷ್ಟು ಬಂದಿರಲಿಲ್ಲ. ಬಾಣಂತಿ ಮನೆಯವರು ಅಲ್ಲೇ ಲೋಟ ಹಿಡಿದು ನಿಂತರು.

ಮಾರನೆಯ ದಿನ ದೊಡ್ಡವ್ವ ಗೆದ್ದಳು. ಹಾಲು ನೋಡಿ ಓಟು ಹಾಕಿದರು ಎಂದು ಅವಳು ಈಗಲೂ ಹೇಳುತ್ತಾಳೆ. ಸಾಲಿನಲ್ಲಿ ನಾನು ಕೇಳಿಸಿಕೊಂಡದ್ದು ಬೇರೆ: "ರೇಟ್ ಇಳಿಸಕೆ ಬತ್ತಾರಲ್ಲ ಆಫೀಸ್ರು, ಅವ್ರ ಮುಂದೆ ಕೂರ್ಸಕೆ ಇಂಥ ಬಾಯೇ ಬೇಕು ಕಣೇ."

ನಾನು ಬೆಟ್ಟ ಹತ್ತುವುದನ್ನು ಬಿಟ್ಟಿದ್ದೇನೆ. ಡೈರಿಗೆ ಮಾತ್ರ ಒಸಿ ಬೇಗ ಹೋಗಿ ಸಾಲಿನ ನಡುವೆ ನಿಲ್ಲುತ್ತೇನೆ. ಮುಂದಿನವರದೂ ಹಿಂದಿನವರದೂ ಕೇಳಬೇಕಲ್ಲ.

ಚುನಾವಣೆಯಾದ ವಾರದಲ್ಲೇ ಕೆಳಬೀದಿಯವಳು ನಮ್ಮ ಮನೆಗೆ ಬಂದಳು. ಅವ್ವ ಕಾಫಿ ಕೊಟ್ಟಳು. ಕುಡಿದು ಲೋಟ ಇಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಪಕ್ಕಕ್ಕೆ ಸರಿದು ಕೂತಳು.

"ನನ್ ಮೇಲೂ ಒಂದ್ ಕತೆ ಬರಿ ಮಗ."

"ಏನಂತ ಬರೀಲಿ ಅಕ್ಕ?"

"ನೀರ್ ಹುಯ್ತಾಳೆ ಅಂತ್ಲೇ ಬರಿ," ಎಂದಳು. "ಒಂದ್ ಚೊಂಬು ಸಾಲ್ದು, ಬಿಂದ್ಗೆನೇ ಬರಿ. ಆದ್ರೆ ಈಗ್ಲೇ ಬ್ಯಾಡ. ಮುಂದ್ಲೆ ಎಲೆಕ್ಷನ್‌ಗೆ ಒಂದ್ ವಾರ ಇರೋವಾಗ ಹಾಕ್ಸು."